ಅಟ್ಟದ ಕೋವಿಯೂ ಅದರ ವಾರಸುದಾರನೂ

2019ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ಕುಟುಂಬವೊಂದು ತನ್ನ ಮನೆಯ ಅಟ್ಟದಲ್ಲಿದ್ದ ಕೆಲವು ಹಳೆಯ ಆಯುಧಗಳನ್ನು ಹರಾಜಿಗಿಟ್ಟಿತು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಮೇಜರ್ ತಾಮಸ್ ಹಾರ್ಟ್ ಎಂಬಾತನು 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕೊಂಡೊಯ್ದ ವಸ್ತುಗಳವು. ಅವುಗಳ ಪೈಕಿ ಟಿಪ್ಪು ಸುಲ್ತಾನನ ಸ್ವಂತ ಆಯುಧಾಗಾರದ್ದೆಂದು ಹೇಳಲಾದ, ಬೆಳ್ಳಿಯ ಕಟ್ಟುಗಳುಳ್ಳ ಚಕಮಕಿ ಕೋವಿಯೊಂದು 60,000 ಪೌಂಡುಗಳಿಗೆ ಮಾರಾಟವಾಯಿತು. ಆ ಸಮಯದಲ್ಲಿ ನಮ್ಮಲ್ಲಿ ಅದನ್ನು ಸ್ವದೇಶಕ್ಕೆ ತರಬೇಕೆಂಬ ಮಾತು ಎದ್ದು, ವಾಡಿಕೆಯಂತೆ ಅಡಗಿತು. ನಮ್ಮ ಗಮನವನ್ನು ಸೆಳೆದುದು ಬೇರೊಂದು ಸಂಗತಿ. ಇನ್ನೂರಿಪ್ಪತ್ತು ವರ್ಷಗಳ ಕಾಲ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದರೂ ಆ ಕೋವಿಯ ಮಹತ್ವವು ಕಡೆಯ ವಾರಸುದಾರರಿಗೆ ತಿಳಿದಿರಲಿಲ್ಲ. ತಿಳಿಯದಿದ್ದರೂ ಅವರಿಗೆ ಯಾವ ಕೇಡೂ ತಟ್ಟಲಿಲ್ಲ. ಏಕೆಂದರೆ ಕುತೂಹಲಕ್ಕಾಗಿಯೋ ಅಲಂಕಾರಕ್ಕಾಗಿಯೋ ಇರಿಸಿಕೊಂಡ ಪುರಾತನ ಕೋವಿಯನ್ನು ಅಲ್ಲಿನ 1968ರ ಶಾಸನವು ಪರವಾನಿಗೆಯ ಕಟ್ಟಿನಿಂದ ಬಿಟ್ಟುಕೊಟ್ಟಿದೆ. ಅಮೇರಿಕದ ಕೇಂದ್ರ ಶಾಸನವೂ 1898ನೇ ಇಸವಿಯನ್ನು ಗೆರೆಯಾಗಿಟ್ಟುಕೊಂಡು, ಆ ವರ್ಷ ಅಥವಾ ಅದಕ್ಕೂ ಮೊದಲು ತಯಾರಾದುದನ್ನು ಪುರಾತನವೆಂದೇ ಎಣಿಸುತ್ತದೆ.

ಅದೇ ಅಟ್ಟವು ಪುತ್ತೂರಿನಲ್ಲೋ ಸಾಗರದಲ್ಲೋ ಇದ್ದಿದ್ದರೆ ಪರಿಣಾಮ ಏನಾಗುತ್ತಿತ್ತು? ಮುಂಬಯಿಯ ಹೊಟೆಲುಗಳಲ್ಲಿಯೂ ಪುಣೆಯ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ವಾಚಕರಲ್ಲಿ ಅನೇಕರಿಗೆ ಈ ಪ್ರಶ್ನೆ ದೂರದ್ದಲ್ಲ. ಕರಾವಳಿ, ಮಲೆನಾಡು, ಕೊಡಗುಗಳ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೋ ಜೋಡಿ ನಳಿಗೆಯ ತೋಟೆಕೋವಿಯೋ ಗೋಡೆಯ ಮೊಳೆಗೆ ತೂಗಿರುವುದು ಅಪೂರ್ವ ದೃಶ್ಯವೇನೂ ಅಲ್ಲ. ಹಂದಿ, ಮಂಗಗಳ ಕಾಟದಿಂದ ತೋಟವನ್ನು ಉಳಿಸಿಕೊಳ್ಳಲು ತಂದೆಯು ಅದನ್ನು ಇಟ್ಟುಕೊಂಡಿರುತ್ತಾನೆ. ಮಗನು ಊರು ಬಿಟ್ಟು ಇಪ್ಪತ್ತು ವರ್ಷ ಸಂದಿರುತ್ತದೆ. ಒಂದು ದಿನ ತಂದೆ ತೀರಿಹೋದ ಸುದ್ದಿ ಬರುತ್ತದೆ. ಹನ್ನೆರಡನೆಯ ದಿನದ ಕಾರ್ಯ ಮುಗಿಸಿ, ಮಾಲಿಕರು ಕೊಟ್ಟ ರಜೆ ತೀರುವುದರೊಳಗೆ ರೈಲು ಹಿಡಿಯುವ ಆತುರದಲ್ಲಿ ಗೋಡೆಯ ಮೇಲಿನ ಕೋವಿಯ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ.

ಇಲ್ಲಿಯೇ ಒಂದು ಭೇದವನ್ನು ಮನಗಾಣಬೇಕು. ಮನೆ, ಗದ್ದೆ, ಬಂಗಾರಗಳಂತೆ ಕೋವಿಯ ಸ್ವಾಮ್ಯವೂ ವಾರಸುದಾರನಿಗೆ ಇಳಿದುಬರುತ್ತದೆ. ಅದನ್ನು ಸ್ವಾಧೀನದಲ್ಲಿಟ್ಟುಕೊಳ್ಳುವ ಹಕ್ಕು ಮಾತ್ರ ಇಳಿದುಬರುವುದಿಲ್ಲ. ಪರವಾನಿಗೆಯು ವ್ಯಕ್ತಿಗೆ ಕೊಟ್ಟದ್ದು, ವ್ಯಕ್ತಿಯೊಡನೆಯೇ ತೀರಿಹೋಗತಕ್ಕದ್ದು. ಮರಣಶಾಸನದಲ್ಲಿ ‘ನನ್ನ ಕೋವಿ ಹಿರಿಯ ಮಗನಿಗೆ’ ಎಂದು ಬರೆದಿಟ್ಟ ಮಾತ್ರಕ್ಕೆ ಹಿರಿಯ ಮಗನು ಅದನ್ನು ಮುಂಬಯಿಯ ಖೋಲಿಗೆ ಒಯ್ಯುವಂತಿಲ್ಲ. 1959ರ ಆಯುಧ ಶಾಸನದ 21ನೆಯ ವಿಧಿಯಂತೆ, ಸ್ವಾಧೀನವು ನ್ಯಾಯಸಮ್ಮತವಾಗಿ ಉಳಿಯದ ಆಯುಧವನ್ನು ಅನಾವಶ್ಯಕ ವಿಳಂಬವಿಲ್ಲದೆ ಹತ್ತಿರದ ಪೋಲೀಸು ಠಾಣೆಗೆ ಅಥವಾ ಪರವಾನಿಗೆಯುಳ್ಳ ವ್ಯಾಪಾರಿಗೆ ಒಪ್ಪಿಸಬೇಕು. ಅನಂತರ ಪರವಾನಿಗೆ ಪಡೆದು ಹಿಂದಕ್ಕೆ ತರಬಹುದು, ಇಲ್ಲವೇ ಅರ್ಹರಾದವರಿಗೆ ಮಾರಬಹುದು. ನಿಯಮಿತ ಅವಧಿಯೊಳಗೆ ಎರಡರಲ್ಲಿ ಒಂದೂ ಆಗದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆಜ್ಞೆಯಂತೆ ಅದು ಸರಕಾರದ ಸೊತ್ತಾಗುತ್ತದೆ. ಅಷ್ಟರಲ್ಲಿ, ಎಣ್ಣೆ ಕಾಣದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನಮ್ಮ ಕಡೆಯ ಒಂದು ಮಳೆಗಾಲವೇ ಸಾಕು. ಒಪ್ಪಿಸದೆ ಸುಮ್ಮನಿದ್ದರೆ? ಪರವಾನಿಗೆಯಿಲ್ಲದ ಕೋವಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷಗಳ ಕಾರಾಗೃಹವಾಸ, ಮೇಲೆ ದಂಡ. ಅಜ್ಜನ ನೆನಪಿಗೆ ಇಷ್ಟು ದೊಡ್ಡ ಬೆಲೆಯನ್ನು ತೆರಲು ಯಾವ ಗುಮಾಸ್ತನೂ ಬಯಸಲಾರನು.

‘ಇದು ನೂರು ವರ್ಷದ ಹಳೆಯ ಕೋವಿ, ಇದಕ್ಕೇಕೆ ಪರವಾನಿಗೆ?’ ಎಂಬ ಮಾತನ್ನು ಊರುಕಡೆ ಕೇಳುತ್ತೇವೆ. ಇದು ಅರ್ಧಸತ್ಯ, ಆದುದರಿಂದ ಹೆಚ್ಚು ಅಪಾಯಕರ. ಶಾಸನದ 45ನೆಯ ವಿಧಿಯು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ, ಅಥವಾ ಕೆಟ್ಟುಹೋದ ಆಯುಧಗಳನ್ನು ಬಿಟ್ಟುಕೊಟ್ಟಿರುವುದು ನಿಜ. ಆದರೆ ಅದು ರಿಪೇರಿಯಿಂದಾಗಲಿ ರಿಪೇರಿಯಿಲ್ಲದೆಯಾಗಲಿ ಕೋವಿಯಂತೆ ಉಪಯೋಗಕ್ಕೆ ಬಾರದಂಥದಾಗಿರಬೇಕೆಂಬ ಷರತ್ತನ್ನೂ ಅದೇ ವಿಧಿಯಲ್ಲಿ ಹಾಕಿದೆ. ಇಂಗ್ಲೆಂಡು ಕೋವಿಯ ಪ್ರಾಯವನ್ನು ಕೇಳಿದರೆ ನಮ್ಮ ಶಾಸನವು ಅದರ ಶಕ್ತಿಯನ್ನು ಕೇಳುತ್ತದೆ. ಮದ್ದು ತುಂಬಿದರೆ ಇಂದಿಗೂ ಈಡು ಹಾರಿಸಬಲ್ಲ ಕೇಪಿನ ಕೋವಿಯು ಎಷ್ಟೇ ಹಳೆಯದಾದರೂ ಕೋವಿಯೇ. ಇನ್ನು, ನೂರು ವರ್ಷ ಮೀರಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಶಾಸನವು ನಿಷೇಧಿಸಿರುವುದರಿಂದ, ಲಂಡನ್ನಿನ ಹರಾಜಿನ ಬೆಲೆಗಳನ್ನು ಓದಿ ಕನಸು ಕಾಣುವುದೂ ವ್ಯರ್ಥ.

ನಿಜವಾದ ಸಂಗ್ರಾಹಕರ ಪಾಡು ಇದಕ್ಕಿಂತ ಬಿಗಿಯಾದುದು. 1983ರ ತಿದ್ದುಪಡಿಯು ಒಬ್ಬರಿಗೆ ಮೂರು ಕೋವಿಗಳೆಂದು ಮಿತಿ ಹಾಕಿತ್ತು. 2019ರಲ್ಲಿ ಮಂಡನೆಯಾದ ಮಸೂದೆ ಅದನ್ನು ಒಂದಕ್ಕೆ ಇಳಿಸಹೊರಟು, ಆಕ್ಷೇಪಗಳು ಬಂದ ಮೇಲೆ ಎರಡಕ್ಕೆ ನಿಂತಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದಾಯಿತು. ಪಿತ್ರಾರ್ಜಿತವಾಗಿ ಬಂದ ಕೋವಿಗೂ ಈ ಮಿತಿಯಲ್ಲಿ ವಿನಾಯಿತಿಯಿಲ್ಲ: ಮಗನ ಬಳಿ ಈಗಾಗಲೇ ಒಂದು ಇದ್ದು, ತಂದೆ ಎರಡನ್ನು ಬಿಟ್ಟುಹೋದರೆ, ಒಂದು ಮನೆಯಿಂದ ಹೊರಬೀಳಲೇಬೇಕು. ಕೋವಿಗಳ ಹಾವಳಿಯನ್ನು ತಡೆಯಬೇಕೆಂಬ ಸರಕಾರದ ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಕಳ್ಳ ಪಿಸ್ತೂಲನ್ನು ಜೇಬಿನಲ್ಲಿಟ್ಟು ತಿರುಗುವವನು ಲೆಕ್ಕ ಕೊಡಲು ಕಚೇರಿಗೆ ಬರುವುದಿಲ್ಲ. ಲೆಕ್ಕ ಕೊಟ್ಟವನು ಅಜ್ಜನ ಮೂರನೆಯ ಕೋವಿಯನ್ನು ಕಳೆದುಕೊಂಡನು. ಹಾಗೆ ಒಪ್ಪಿಸಲ್ಪಟ್ಟವುಗಳಲ್ಲಿ ಐತಿಹಾಸಿಕ ಮೌಲ್ಯದವುಗಳನ್ನು ಆರಿಸಿ ವಸ್ತುಸಂಗ್ರಹಾಲಯಗಳಿಗೆ ಸೇರಿಸುವ ಕರ್ತವ್ಯವನ್ನು ಶಾಸನವೇ ವಿಧಿಸಿದ್ದರೆ ಒಳ್ಳೆಯದಿತ್ತು.

ಕೊಡಗಿನ ಮಾತು ಬೇರೆ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ 1861ರಿಂದ ನಡೆದುಬಂದ ಪರವಾನಿಗೆಯ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ನಳಿಗೆಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುವ, ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸುವ ಜನಕ್ಕೆ ಕೋವಿಯು ಮನೆಯ ಒಬ್ಬ ಸದಸ್ಯನಿದ್ದಂತೆ. ಆದರೂ ಆ ವಿನಾಯಿತಿಗೂ ಒಂದು ತಾರೀಖು ಇದೆ: 2029ರ ಅಕ್ಟೋಬರ್ 31.

ಸಂಗ್ರಾಹಕನು ಬದುಕಿದ್ದಾಗ ನಿರ್ಧರಿಸುವುದಕ್ಕೂ ನಿರ್ಧರಿಸದೆ ಹೋಗುವುದಕ್ಕೂ ಇರುವ ಅಂತರವನ್ನು ನಮ್ಮವರು ನೆಲೆಸಿರುವ ಎರಡು ನಗರಗಳಲ್ಲೇ ಕಾಣಬಹುದು. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನರು, ಆಯುಧಗಳೂ ಸೇರಿದಂತೆ ಜಗತ್ತಿನ ಮೂಲೆಮೂಲೆಯಿಂದ ವಸ್ತುಗಳನ್ನು ತರಿಸಿದವರು. ಅವಿವಾಹಿತರಾಗಿ 1949ರ ಮಾರ್ಚ್ 2ರಂದು ತೀರಿಕೊಂಡರು. ನೇರ ವಾರಸುದಾರರಿಲ್ಲದ ಸಂಗ್ರಹವನ್ನು ಸಮಿತಿಯ ವಶಕ್ಕೆ ಕೊಡಬೇಕಾಯಿತು. 1951ರಲ್ಲಿ ನೆಹರೂರವರು ಅವರ ದಿವಾಣ್ ದೇವಡಿಯಲ್ಲೇ ವಸ್ತುಸಂಗ್ರಹಾಲಯವನ್ನು ತೆರೆದರಾದರೂ, ಬಂಧುಗಳೊಡನೆ ರಾಜಿಯಾಗಲು 1958 ಬರಬೇಕಾಯಿತು. ಪಾರ್ಲಿಮೆಂಟಿನ ಶಾಸನವಾದುದು 1961ರಲ್ಲಿ. ಮಹಾನಗರವೊಂದರ ಪ್ರತಿಷ್ಠೆ ಬೆನ್ನಿಗಿದ್ದುದರಿಂದ ಅದು ಉಳಿಯಿತು. ಪುಣೆಯ ದಿನಕರ ಕೇಳಕರರಾದರೋ ಶ್ರೀಮಂತರ ಮನೆತನದವರಲ್ಲ. ಅರ್ಧ ಶತಮಾನದಲ್ಲಿ ದೀಪ, ಅಡಕತ್ತರಿ, ಬಾಗಿಲು, ಆಯುಧಗಳೆಂದು ಸುಮಾರು ಇಪ್ಪತ್ತು ಸಾವಿರ ವಸ್ತುಗಳನ್ನು ಕೂಡಿಸಿ, ಚಿಕ್ಕಂದಿನಲ್ಲೇ ಅಗಲಿದ ಮಗ ರಾಜಾನ ಹೆಸರಿನಲ್ಲಿ 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಆ ಬಳಿಕ 1990ರವರೆಗೂ ಬದುಕಿದ್ದು, ತಾವು ಕೂಡಿಸಿದ್ದು ಸರಿಯಾದ ಕೈ ಸೇರಿದುದನ್ನು ಕಣ್ಣಾರೆ ಕಂಡರು.

ನಮ್ಮ ಮನೆಯ ಒಂದು ಕೋವಿಗೆ ಇಷ್ಟೆಲ್ಲ ಬೇಕಿಲ್ಲ. 2016ರ ಆಯುಧ ನಿಯಮಗಳ 25ನೆಯ ನಿಯಮವನ್ನು ಊರಿನಲ್ಲಿರುವ ಹಿರಿಯರಿಗೆ ಯಾರಾದರೂ ಓದಿ ಹೇಳಿದರೆ ಸಾಕು. ಪರವಾನಿಗೆದಾರನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಕೋವಿಯನ್ನು 25 ವರ್ಷ ಇಟ್ಟುಕೊಂಡಾಗ, ಇವುಗಳಲ್ಲಿ ಮೊದಲು ಯಾವುದು ಬರುವುದೋ ಆಗ, ತಾನು ಬದುಕಿರುವಾಗಲೇ ಒಬ್ಬ ವಾರಸುದಾರನನ್ನು ಸೂಚಿಸಿ ಅವನ ಹೆಸರಿಗೆ ಪರವಾನಿಗೆ ಕೋರಬಹುದು. ತೋಟ ನೋಡಿಕೊಂಡು ಊರಲ್ಲೇ ಇರುವ ತಮ್ಮನನ್ನು ಸೂಚಿಸುವುದು, ಹತ್ತಾರು ಜನರೊಡನೆ ಒಂದೇ ಖೋಲಿಯಲ್ಲಿ ಮಲಗುವ ಅಣ್ಣನನ್ನು ಸೂಚಿಸುವುದಕ್ಕಿಂತ ಮೇಲು. ಕೋವಿಯನ್ನು ಭದ್ರವಾಗಿಡಲು ಸ್ಥಳವಿದೆಯೆಂದು ಅರ್ಜಿದಾರನು ತೋರಿಸಬೇಕಾಗುತ್ತದೆ. ಯಾರಿಗೂ ಬೇಡವೆಂದಾದರೆ ಸಂಗ್ರಹಾಲಯವನ್ನು ಆಗಲೇ ವಿಚಾರಿಸುವುದು ಲೇಸು. ಒಡಹುಟ್ಟಿದವರೆಲ್ಲರ ಒಪ್ಪಿಗೆಯನ್ನು ತಂದೆಯ ಎದುರಿನಲ್ಲೇ ಬರೆಸಿಟ್ಟುಕೊಳ್ಳಬೇಕು. ಜೊತೆಗೆ ಒಂದು ಹಾಳೆಯಲ್ಲಿ ನಳಿಗೆಯ ಮೇಲಿನ ಸಂಖ್ಯೆ, ಮುದ್ರೆ, ಅದನ್ನು ಯಾರು ಎಲ್ಲಿ ಕೊಂಡರು, ಯಾವ ವರ್ಷ ಯಾರ ಕೈಗೆ ಬಂತು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ಬರುವ ರಜೆಗೆ ಊರಿಗೆ ಹೋಗುವವರು ಒಂದು ಸಂಜೆಯನ್ನು ಇದಕ್ಕೆಂದು ತೆಗೆದಿರಿಸಿಕೊಳ್ಳಲಿ.