ಕದ್ದದ್ದಾ, ಕೂಡಿಸಿದ್ದಾ?

(1/4)
ಫ್ರೆಂಡ್ಸ್, ಈಗ ಫೀಡ್ ತೆಗೆದ್ರೆ ಸಾಕು. ರವಿವರ್ಮನ ದಮಯಂತಿ ಹಿಂದೆ ವ್ಯಾನ್ ಗೋ ಆಕಾಶ, ಮೋನಾಲಿಸಾ ಮುಡಿಯಲ್ಲಿ ಹಡಗಲಿ ಮಲ್ಲಿಗೆ. ಕೆಳಗೆ ಕಾಮೆಂಟ್ ಎರಡೇ ಥರ. ಒಂದು "ಸೂಪರ್ ಗುರು", ಇನ್ನೊಂದು "ಬರೀ ಕಾಪಿ, ಇದ್ರಲ್ಲಿ ನಿಂದೇನೈತೆ?" ನನ್ನ ಪ್ರಕಾರ ಎರಡೂ ಅವಸರದ ಮಾತು.

ಮೊದಲು ಕಾಪಿ ಅನ್ನೋರಿಗೆ. ವ್ಯಾನ್ ಗೋ 1887ರಲ್ಲಿ ಜಪಾನಿನ ಹಿರೋಶಿಗೆಯ ಮುದ್ರಣಚಿತ್ರಗಳನ್ನ ಎಣ್ಣೆಬಣ್ಣದಲ್ಲಿ ಮತ್ತೆ ಬರೆದ. ಆಮೇಲೆ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ರೈತರ ಚಿತ್ರಗಳ ಕಪ್ಪು-ಬಿಳುಪು ಪ್ರಿಂಟ್ ಮುಂದಿಟ್ಕೊಂಡು ತನ್ನ ಬಣ್ಣ ತುಂಬಿದ. 1863ರಲ್ಲಿ ಪ್ಯಾರಿಸ್ಸನ್ನೇ ಬೆಚ್ಚಿಬೀಳಿಸಿದ ಮಾನೆಯ ಚಿತ್ರದಲ್ಲಿ ಹುಲ್ಲಿನ ಮೇಲೆ ಕೂತವರ ಭಂಗಿ ಬಂದಿದ್ದು ರಾಫೆಲ್ ಚಿತ್ರದಿಂದ ಮಾಡಿದ ಒಂದು ಅಚ್ಚಿನಿಂದ. ಇವರನ್ನ ಕಳ್ಳರು ಅಂತೀರಾ?

(2/4)
ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರನ್ನೇ ನೋಡಿ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಒಂದು ಫೋಟೊ ಸರಣಿ ಮಾಡಿದ್ರು. ರವಿವರ್ಮನ ಬೆಳದಿಂಗಳ ಹೆಣ್ಣು, ಕ್ಯಾಲೆಂಡರ್ ಲಕ್ಷ್ಮಿ, ಬಿಜಾಪುರದ ಹಳೇ ಚಿತ್ರದ ಯೋಗಿನಿ, ಎಲ್ಲಾ ವೇಷನೂ ತಾವೇ ತೊಟ್ಟರು. ಒಂದೊಂದೇ ನೋಡಿದ್ರೆ ಹಳೇ ಚಿತ್ರದ ನಕಲು. ಸಾಲಾಗಿ ನೋಡಿದ್ರೆ ಒಂದು ಪ್ರಶ್ನೆ ಏಳುತ್ತೆ: "ದಕ್ಷಿಣದ ಹೆಣ್ಣು ಅಂದ್ರೆ ಹೀಗೇ" ಅಂತ ನಮಗೆ ಹೇಳಿಕೊಟ್ಟವರು ಯಾರು? ಆ ಪ್ರಶ್ನೆ ರವಿವರ್ಮಂದಲ್ಲ, ಪುಷ್ಪಮಾಲಾ ಅವರದು. ಹೊಸದು ಅಂದ್ರೆ ಅದು.

ಈಗ "ಸೂಪರ್ ಗುರು" ಬಳಗಕ್ಕೆ. ಆ್ಯಪ್‌ಗೆ ಎರಡು ಹೆಸರು ಕೊಟ್ರೆ ಅರ್ಧ ನಿಮಿಷದಲ್ಲಿ ಚಿತ್ರ ಬರುತ್ತೆ. ಬರಲಿ. ಆದ್ರೆ ಈ ಎರಡೇ ಯಾಕೆ, ಬೇರೆ ಎರಡು ಯಾಕಲ್ಲ ಅಂತ ಕೇಳಿದ್ರೆ ಉತ್ತರ ಇರಬೇಕು. ಇಲ್ಲಾಂದ್ರೆ ಅದು ಚಿತ್ರಾನ್ನಕ್ಕೆ ಸಾಂಬಾರ್ ಸುರಿದಂಗೆ. ಎರಡೂ ರುಚಿ ಹೋಯ್ತು.

(3/4)
ಉತ್ತರ ಇರೋ ಒಂದು ಉದಾಹರಣೆ ನಾನೇ ಕೊಡ್ತೀನಿ, ಬಿಡಿಸೋ ಕೈ ಇದ್ದೋರು ತಗೊಳ್ಳಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ದೊಡ್ಡ ಚಿತ್ರ ಐತೆ: ಬೇರೆ ಬೇರೆ ಪ್ರಾಂತ್ಯದ ಉಡುಗೆಯ 11 ಹೆಣ್ಮಕ್ಕಳು, ವಾದ್ಯಗಳ ಜೊತೆ. ಸುಮಾರು 1889ರದು, ಮೈಸೂರು ಮಹಾರಾಜರಿಗಾಗಿ ಬರೆದದ್ದು. ಅದರ ಇಂಗ್ಲಿಷ್ ಹೆಸರಲ್ಲೇ 'ಗ್ಯಾಲಕ್ಸಿ' ಅನ್ನೋ ಪದ ಐತೆ. ವ್ಯಾನ್ ಗೋ ನಕ್ಷತ್ರದ ರಾತ್ರಿ ಬರೆದಿದ್ದೂ 1889ರ ಜೂನ್‌ನಲ್ಲೇ! ಇವೆರಡು ಕೂಡೋಕೆ ಒಂದು ಕಾರಣ ಸಿಕ್ತಲ್ಲ?

ಆದ್ರೆ ಇನ್ನೂ ಅದು ನಿಮ್ಮ ಚಿತ್ರ ಅಲ್ಲ. ಆ ಹನ್ನೊಂದು ಜನರಲ್ಲಿ ಚೌಡಿಕೆ ಹಿಡಿದವಳು ಇಲ್ಲ. ನಮ್ಮ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂತು. ಅರಮನೆ ಚಿತ್ರದಲ್ಲಿ ಮಾತ್ರ ಜೋಗತಿಗೆ ಜಾಗ ಇರಲಿಲ್ಲ. ಹನ್ನೆರಡನೆಯವಳಾಗಿ ಅವಳನ್ನ ನಡುವೆ ಕೂರಿಸಿ, ಮೇಲೆ ಆ ನಕ್ಷತ್ರ ಸುತ್ತಲಿ. ಆಗ ಯಾರೂ "ನಿಂದೇನೈತೆ" ಅನ್ನಲ್ಲ.

(4/4)
ಬಿಕಾಂನವರು, ಲೆಕ್ಕನೂ ಹೇಳ್ಬೇಕಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಆ ಚಿತ್ರಗಳು ಈಗ ಎಲ್ಲರವು. ನಮ್ಮ ಕೆ.ಕೆ. ಹೆಬ್ಬಾರರು ಹೋಗಿದ್ದು 1996ರಲ್ಲಿ, ಅಂದ್ರೆ 2056 ಮುಗಿಯೋವರೆಗೂ ಅನುಮತಿ ವಿಷಯ ನೋಡಿಕೊಂಡೇ ಮುಟ್ಟಬೇಕು.

ಕಾನೂನು ಬಿಡಿ, ಖಾತೆ ಪುಸ್ತಕದ ನ್ಯಾಯ ಇನ್ನೂ ಸರಳ. ಯಾರಿಂದ ಎಷ್ಟು ತಂದ್ವಿ ಅಂತ ಬರೆದಿಟ್ರೆ ಸಾಲ. ಬರೀದೇ ಇದ್ರೆ ಕಳ್ಳತನ. ಅದಕ್ಕೇ ಕಾಲೇಜು ಸ್ಪರ್ಧೆಗಳ ತೀರ್ಪುಗಾರರಿಗೆ ನನ್ನ ವಿನಂತಿ: ಇಂಥ ಚಿತ್ರಗಳನ್ನ ಬಾಗಿಲಲ್ಲೇ ತಳ್ಳಬೇಡಿ. ಹಿಂದೆ ಒಂದು ಚೀಟಿ ಅಂಟಿಸೋಕೆ ಹೇಳಿ. ಯಾವ ಚಿತ್ರದಿಂದ ಏನು ತಗೊಂಡೆ, ನಾನೇನು ಸೇರಿಸಿದೆ, ಯಾಕೆ. ನಾಲ್ಕು ಸಾಲು ಸಾಕು. ಆ ಚೀಟಿ ಬರೆಯೋಕೆ ಬಂದವರಿಗೇ ಬಹುಮಾನ ಕೊಡಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ದೋಸ್ತ್‌ಗಳೇ, ನೀವಾದ್ರೆ ಯಾವ ಎರಡು ಚಿತ್ರ ಕೂಡಿಸ್ತೀರಿ? ಹೆಸರು ಮಾತ್ರ ಬೇಡ, ಯಾಕೆ ಅಂತನೂ ಬರೀರಿ. ಒಪ್ಪದೇ ಇರೋರು ಜಗಳಕ್ಕೂ ಬನ್ನಿ 🙏

#ನಮ್ಮೂರ_ಚಿತ್ರ #ಕನ್ನಡ_ಕ್ಯಾಪ್ಶನ್ #ವಿಜಯನಗರ_ಜಿಲ್ಲೆ