ಅಧಿಕಾರವನ್ನು ಮರಳಿಸಿದ ಖಡ್ಗ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನತೆಗೆ ಸ್ವಾತಂತ್ರ್ಯವು ಲಭಿಸಿದುದು 1947ರ ಆಗಸ್ಟ್ 15ರಂದಲ್ಲ. ಹದಿಮೂರು ತಿಂಗಳು ತಡವಾಗಿ, 1948ರ ಸೆಪ್ಟೆಂಬರ್ 17ರಂದು. ಅಲ್ಲಿಯವರೆಗೆ ನಿಜಾಮನ ಏಕಾಧಿಪತ್ಯ, ಅದರ ಬೆನ್ನಿಗೆ ರಜಾಕಾರರ ಹಾವಳಿ. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಟವನ್ನು ಕಟ್ಟಿದರು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ಸೊಲ್ಲಾಪುರದ ಕಡೆಯಿಂದ ಬಂದ ಮುಖ್ಯ ಪಡೆಯ ನಾಯಕರು ಮೇಜರ್ ಜನರಲ್ ಜೆ. ಎನ್. ಚೌಧುರಿ. 17ರಂದು ನಿಜಾಮನು ಕದನವಿರಾಮ ಘೋಷಿಸಿದನು. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರೆದುರು ಶರಣಾದರು. ಹೈದರಾಬಾದು ನಗರವು ಯುದ್ಧಭೂಮಿಯಾಗದೆ ಉಳಿಯಿತು.

ಹಾಗೆಂದು ಇಡೀ ಪರಿವರ್ತನೆಯು ರಕ್ತರಹಿತವಾಗಿತ್ತೆಂದರೆ ಸತ್ಯಕ್ಕೆ ಅಪಚಾರ. ಮೊದಲು ರಜಾಕಾರರಿಂದ ನೊಂದವರೆಷ್ಟೋ; ಆಮೇಲೆ ಸೇಡಿಗೆ ಬಲಿಯಾದ ಮುಸ್ಲಿಮರೆಷ್ಟೋ. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ಈ ಹತ್ಯೆಗಳನ್ನು ವರದಿ ಮಾಡಿತು. ಎರಡೂ ಕಣ್ಣೀರನ್ನು ನೆನೆಯದ ವಿಜಯೋತ್ಸವ ಅಪೂರ್ಣ.

ಸೈನಿಕನ ನಿಜವಾದ ಪರೀಕ್ಷೆ ಗೆಲುವಿನ ಮರುದಿನ ಆರಂಭವಾಗುತ್ತದೆ. ಚೌಧುರಿಯವರು ಮಿಲಿಟರಿ ಗವರ್ನರರಾದರು. ಅವರ ಆಡಳಿತದಲ್ಲೇ, 1949ರಲ್ಲಿ, ಜಹಗೀರಿ ಪದ್ಧತಿ ರದ್ದಾಯಿತು. ಸಾಲಾರ್‌ಜಂಗರ ಜಹಗೀರಿಯಾಗಿದ್ದ ಕೊಪ್ಪಳ, ಯಲಬುರ್ಗಾ ಸೀಮೆಗೆ ಇದು ಸಾಮಾನ್ಯ ಸಂಗತಿಯಲ್ಲ. ಆ ವರ್ಷದ ಕೊನೆಗೆ ಸೇನಾಡಳಿತ ಮುಗಿದು, ಎಂ. ಕೆ. ವೆಲ್ಲೋಡಿಯವರ ನಾಗರಿಕ ಆಡಳಿತ ಬಂದಿತು. ಇದು ಸೇನಾನಿಯೊಬ್ಬರ ಔದಾರ್ಯವಲ್ಲ, ಪ್ರಜಾಸರ್ಕಾರದ ಆಜ್ಞೆ ಎನ್ನಬಹುದು. ನಿಜವೇ. ಆದರೆ ಆಯುಧ ಕೈಯಲ್ಲಿದ್ದೂ ಅಂಥ ಆಜ್ಞೆಗೆ ತಲೆಬಾಗುವುದೇ ದೊಡ್ಡದು. ನೆರೆಯ ಪಾಕಿಸ್ತಾನದಲ್ಲಿ 1958ರಲ್ಲಿ ಸೇನಾಪತಿಯೇ ಅಧಿಕಾರವನ್ನು ಕಸಿದುಕೊಂಡನು.

ದೂರದ ಪೋರ್ಚುಗಲ್ಲಿನಲ್ಲೂ ಈ ಆದರ್ಶ ಬೆಳಗಿತು. 1974ರ ಏಪ್ರಿಲ್ 25ರಂದು ಕ್ಯಾಪ್ಟನ್ ಸಾಲ್ಗೇರೊ ಮಾಯಾ ತನ್ನ ತುಕಡಿಯೊಡನೆ ಲಿಸ್ಬನ್ನಿಗೆ ಬಂದು, ಸರ್ವಾಧಿಕಾರಿ ಕೇಟಾನೊ ಅಡಗಿದ್ದ ಠಾಣೆಯನ್ನು ಮುತ್ತಿದನು. ಜನರು ಬಂದೂಕುಗಳ ಬಾಯಿಗೆ ಹೂ ಸಿಕ್ಕಿಸಿದರು. ಸುಮಾರು ಐದು ದಶಕಗಳ ದಬ್ಬಾಳಿಕೆ ಒಂದೇ ದಿನದಲ್ಲಿ ಕುಸಿಯಿತು. ಮುಂದೆ ಮಾಯಾ ಯಾವ ಪದವಿಯನ್ನೂ ಬಯಸದೆ ಸೈನಿಕನಾಗಿಯೇ ಉಳಿದನು.

1952ರಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಶಿಬಿರದ ಹೋರಾಟವು ಮತಪೆಟ್ಟಿಗೆಯಲ್ಲಿ ಸಾರ್ಥಕವಾಯಿತು. ಪ್ರತಿ ಸೆಪ್ಟೆಂಬರ್ 17ರಂದು ಧ್ವಜಕ್ಕೆ ವಂದಿಸುವ ವಿದ್ಯಾರ್ಥಿಗಳು ಖಡ್ಗದ ಗೆಲುವನ್ನಷ್ಟೇ ಅಲ್ಲ, ಅದು ಒರೆಗೆ ಮರಳಿದುದನ್ನೂ ನೆನೆಯಬೇಕು.