ಶಾಲು ಹೊದ್ದ ಸ್ಮಾರ್ಟ್ ಬೋರ್ಡ್

ಕಳೆದ ಬಾರಿ ಊರಿಗೆ ಹೋದಾಗ, ನಾನು ಏಳನೆಯ ತರಗತಿಯವರೆಗೆ ಓದಿದ ಸರ್ಕಾರಿ ಶಾಲೆಗೆ ಹೋಗಿದ್ದೆ. ಅಮೆರಿಕದಲ್ಲಿರುವ ನಾವು ಕೆಲವು ಸ್ನೇಹಿತರು ಹಣ ಕೂಡಿಸಿ ಎರಡು ವರ್ಷಗಳ ಹಿಂದೆ ಆ ಶಾಲೆಗೊಂದು ಸ್ಮಾರ್ಟ್ ಬೋರ್ಡ್ ಕೊಡಿಸಿದ್ದೆವು. ಉದ್ಘಾಟನೆಯ ದಿನ ಟೇಪು ಕತ್ತರಿಸಿದ ಚಿತ್ರಗಳು ನಮ್ಮ ವಾಟ್ಸಾಪ್ ಗುಂಪಿಗೆ ಬಂದಿದ್ದವು. ನಾವೆಲ್ಲ ಕೈಮುಗಿಯುವ ಚಿತ್ರಗಳನ್ನು ಹಾಕಿ ಧನ್ಯರಾಗಿದ್ದೆವು. ಈಗ ಹೋಗಿ ನೋಡಿದರೆ ಬೋರ್ಡಿನ ಮೇಲೆ ಯಾವುದೋ ಸನ್ಮಾನದ ಶಾಲು ಹೊದಿಸಿದ್ದರು. "ಧೂಳು ಕೂರಬಾರದು ಅಂತ ಸರ್" ಎಂದರು ಮುಖ್ಯ ಶಿಕ್ಷಕರು. ಅವರ ದನಿಯಲ್ಲಿ ಸಂಕೋಚವಿತ್ತು. ನನಗೆ ಅದಕ್ಕಿಂತ ಹೆಚ್ಚು ಸಂಕೋಚವಾಯಿತು.

ಆರು ಮತ್ತು ಏಳನೆಯ ತರಗತಿಗೆ ಪಾಠ ಮಾಡುವವರು ಒಬ್ಬ ಯುವ ಅತಿಥಿ ಶಿಕ್ಷಕಿ. "ಬಿ.ಎಡ್.ನಲ್ಲಿ ಇದನ್ನೆಲ್ಲ ಕಲಿಸಿರಲಿಲ್ಲವೇ ಮೇಡಂ?" ಎಂದು ಕೇಳಿದೆ. "ಒಂದು ಪೇಪರ್ ಇತ್ತು ಸರ್. ಕಂಪ್ಯೂಟರಿನ ಭಾಗಗಳು, ಎಂ.ಎಸ್. ವರ್ಡ್, ಪವರ್ ಪಾಯಿಂಟ್. ಸ್ಲೈಡ್ ಮಾಡಿ, ಪ್ರಿಂಟ್ ತೆಗೆದು, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಕೊಟ್ಟಿದ್ದೆವು" ಎಂದರು. ಆಮೇಲೆ ತಮ್ಮ ಮೊಬೈಲ್ ತೆಗೆದು ಒಂದು ದನಿಮುದ್ರಿಕೆ ಕೇಳಿಸಿದರು. ಒಬ್ಬ ಹುಡುಗ ಒತ್ತಕ್ಷರಗಳಲ್ಲಿ ತಡವರಿಸುತ್ತಾ ಪಾಠ ಓದುತ್ತಿದ್ದ. "ತಪ್ಪನ್ನು ನಾನು ಹೇಳಿದರೆ ಅವನು ಮುದುಡಿಕೊಳ್ಳುತ್ತಾನೆ. ಅವನ ದನಿಯನ್ನೇ ಕೇಳಿಸಿದರೆ ತಾನೇ ತಿದ್ದಿಕೊಂಡು ಇನ್ನೊಮ್ಮೆ ಓದುತ್ತೇನೆ ಅನ್ನುತ್ತಾನೆ. ಆಮೇಲೆ ಅಳಿಸಿಬಿಡುತ್ತೇನೆ ಸರ್." ಇದನ್ನು ಯಾರು ಹೇಳಿಕೊಟ್ಟರು ಎಂದರೆ, ಯಾರೂ ಇಲ್ಲ ಎಂದರು.

ಲಕ್ಷಕ್ಕೂ ಮಿಕ್ಕಿ ಬೆಲೆಯ ಬೋರ್ಡು ಶಾಲು ಹೊದ್ದು ಮಲಗಿದೆ. ಗೌರವಧನದಲ್ಲಿ ದುಡಿಯುವ ಶಿಕ್ಷಕಿಯ ಸ್ವಂತ ಮೊಬೈಲ್ ಪಾಠದೊಳಗೆ ಇಳಿದಿದೆ. ತರಗತಿಯಲ್ಲಿ ತಂತ್ರಜ್ಞಾನ ಎಂಬ ಚರ್ಚೆ ಇಲ್ಲಿಂದ ಆರಂಭವಾಗಬೇಕು. ಆದರೆ ಅದು ಯಾವಾಗಲೂ ಆರಂಭವಾಗುವುದು ಖರೀದಿಯ ಆದೇಶದಿಂದ.

ಯಂತ್ರವನ್ನೂ ಶಿಕ್ಷಕರನ್ನೂ ಒಟ್ಟಿಗೆ ನೆನೆದ ಕಾಲವೊಂದು ನಮ್ಮಲ್ಲಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತು. ಅಂದಿನ ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಮಕ್ಕಳಿಗಾಗಿ ಕಾರ್ಯಕ್ರಮಗಳು ಇದ್ದಂತೆಯೇ, ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಅದೇ ಪರದೆಯ ಮೂಲಕ ಕೊಡಲಾಯಿತು. ಅದರ ಮಿತಿಗಳೇನೇ ಇರಲಿ, ಶಿಕ್ಷಕರು ಕಲಿಯದೆ ಮಕ್ಕಳು ಕಲಿಯಲಾರರು ಎಂಬ ತಿಳಿವಳಿಕೆ ಅಲ್ಲಿತ್ತು. ಅನಂತರದ ದಶಕಗಳಲ್ಲಿ ಯೋಜನೆಯ ಹೆಸರುಗಳು ಬದಲಾದವು, ಪೆಟ್ಟಿಗೆಗಳು ತೆಳ್ಳಗಾದವು, ಆ ತಿಳಿವಳಿಕೆಯೂ ತೆಳ್ಳಗಾಯಿತು.

ನಾಳೆಯ ಶಿಕ್ಷಕರನ್ನು ನಾವು ಹೇಗೆ ತಯಾರು ಮಾಡುತ್ತಿದ್ದೇವೆ? ಬಿ.ಎಡ್. ಓದಿದವರಿಗೆಲ್ಲ ಸೂಕ್ಷ್ಮ ಬೋಧನೆ ನೆನಪಿರುತ್ತದೆ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಈ ವಿಧಾನ ರೂಪುಗೊಂಡಾಗ ಅದರ ಜೀವಾಳವಾಗಿದ್ದುದು ವಿಡಿಯೊ. ಶಿಕ್ಷಕನಾಗುವವನು ತನ್ನ ಪಾಠವನ್ನು ತಾನೇ ನೋಡಬೇಕು. ಪ್ರಶ್ನೆ ಕೇಳಿ ಉತ್ತರಕ್ಕೆ ಎಷ್ಟು ಕ್ಷಣ ಕಾದೆ, ಯಾವ ಸಾಲಿನ ಮಕ್ಕಳ ಕಡೆ ತಿರುಗಲೇ ಇಲ್ಲ ಎಂಬುದನ್ನು ತನ್ನ ಕಣ್ಣಿನಿಂದಲೇ ಕಾಣಬೇಕು. ಭಾರತಕ್ಕೆ ಬಂದಾಗ ಕ್ಯಾಮೆರಾ ದುಬಾರಿಯಾಗಿತ್ತು. ಹಾಗಾಗಿ ಅದನ್ನು ಬಿಟ್ಟು, ಸಹಪಾಠಿಗಳ ಮತ್ತು ಮೇಲ್ವಿಚಾರಕರ ಅಭಿಪ್ರಾಯವನ್ನೇ ಹಿಮ್ಮಾಹಿತಿಯಾಗಿ ಇಟ್ಟುಕೊಂಡರು. ಅಂದಿಗೆ ಅದು ವಿವೇಕದ ಹೊಂದಾಣಿಕೆ. ಇಂದು ಬಹುತೇಕ ಪ್ರಶಿಕ್ಷಣಾರ್ಥಿಗಳ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೂ ಕೌಶಲಗಳ ಪಟ್ಟಿಗೆ ಗುರುತು ಹಾಕುವ ಹಾಳೆಯೇ ಮುಂದುವರಿದಿದೆ. ತಂತ್ರಜ್ಞಾನ ದುಬಾರಿಯಾಗಿದ್ದಾಗ ಅದಿಲ್ಲದೆ ಬದುಕುವುದನ್ನು ಕಲಿತೆವು. ಅಗ್ಗವಾದ ಮೇಲೆ ಅದರ ಜೊತೆ ಬದುಕುವುದನ್ನು ಕಲಿಯಲಿಲ್ಲ.

ಪಠ್ಯಕ್ರಮ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 2014ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಬಿ.ಎಡ್. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು, ಶಾಲೆಗಳಲ್ಲಿ ಇಪ್ಪತ್ತು ವಾರಗಳ ಅನುಭವವನ್ನು ಕಡ್ಡಾಯ ಮಾಡಿತು. ಅದರ ಚೌಕಟ್ಟಿನಲ್ಲಿ ಮಾಹಿತಿ ತಂತ್ರಜ್ಞಾನದ 'ವಿಮರ್ಶಾತ್ಮಕ ತಿಳಿವಳಿಕೆ' ಎಂಬ ಪತ್ರಿಕೆಯೂ ಸೇರಿತು. 'ವಿಮರ್ಶಾತ್ಮಕ' ಎಂಬ ಪದ ಬಹಳ ಯೋಚಿಸಿ ಇಟ್ಟದ್ದು. ಕಾಲೇಜು ತಲುಪುವಷ್ಟರಲ್ಲಿ ಅನೇಕ ಕಡೆ ಆ ಪದವೇ ಉದುರಿ, ಉಳಿದದ್ದು ಎಂ.ಎಸ್. ವರ್ಡ್.

ಇದೇಕೆ ಹೀಗೆ? ಶಿಕ್ಷಕರ ಶಿಕ್ಷಣವನ್ನು ನಾವು ಮಾರುಕಟ್ಟೆಗೆ ಬಿಟ್ಟುಕೊಟ್ಟಿರುವುದು ಮೊದಲ ಕಾರಣ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯ ಪ್ರಕಾರ ದೇಶದಲ್ಲಿ ಸೇವಾಪೂರ್ವ ತರಬೇತಿ ಸಂಸ್ಥೆಗಳಲ್ಲಿ ಸುಮಾರು 90 ಶೇಕಡಾ ಸರ್ಕಾರೇತರ ವಲಯದಲ್ಲಿದ್ದವು. ಹಾಜರಿಯಿಲ್ಲದೆ ಪದವಿ ಕೊಡುವ ಅಂಗಡಿಗಳ ಕಥೆ ಶಿಕ್ಷಕರ ಮನೆಗಳಲ್ಲಿ ಬೆಳೆದ ಯಾರಿಗೂ ಹೊಸದಲ್ಲ. ಎರಡನೆಯ ಕಾರಣ ಇನ್ನೂ ಆಳದ್ದು: ತಂತ್ರಜ್ಞಾನವನ್ನು ಪ್ರತ್ಯೇಕ ಪತ್ರಿಕೆಯಾಗಿ, ಪ್ರತ್ಯೇಕ ಕೋಣೆಯಲ್ಲಿ, ವಿಷಯವನ್ನೂ ಬೋಧನಾ ವಿಧಾನವನ್ನೂ ಮುಟ್ಟದಂತೆ ಕಲಿಸುವುದು.

ಇದಕ್ಕೆ ಉತ್ತರ ಹೊಸದೇನಲ್ಲ. ಲೀ ಶುಲ್ಮನ್ 1986ರಲ್ಲಿ ಹೇಳಿದ್ದು, ಗಣಿತ ಬಲ್ಲವನೆಲ್ಲ ಗಣಿತ ಕಲಿಸಬಲ್ಲವನಲ್ಲ, ವಿಷಯವನ್ನು ಕಲಿಸುವ ಜ್ಞಾನವೇ ಒಂದು ಬೇರೆ ಜ್ಞಾನ ಎಂದು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನವನ್ನು ಸೇರಿಸಿ, ವಿಷಯ, ವಿಧಾನ, ಉಪಕರಣ ಈ ಮೂರೂ ಹೆಣೆದುಕೊಂಡ ಜಾಗದಲ್ಲಿ ಮಾತ್ರ ಒಳ್ಳೆಯ ಪಾಠ ಹುಟ್ಟುತ್ತದೆ ಎಂದರು. ಮಾತು ಭಾರವೆನಿಸಿದರೆ ಉದಾಹರಣೆ ನೋಡೋಣ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಕಾಗದದ ತ್ರಿಭುಜದ ಮೂಲೆಗಳನ್ನು ಹರಿದು ಒಂದರ ಪಕ್ಕ ಒಂದು ಜೋಡಿಸಿದರೆ ಮಗುವಿನ ಕೈಗೆ ಅದು ಗೊತ್ತಾಗುತ್ತದೆ, ಆದರೆ ಅದು ಒಂದೇ ತ್ರಿಭುಜ. ಜಿಯೋಜಿಬ್ರಾದಲ್ಲಿ ಶೃಂಗವನ್ನು ಹಿಡಿದೆಳೆದರೆ ನೂರು ತ್ರಿಭುಜಗಳು ಕಾಣುತ್ತವೆ, ಮೊತ್ತ ಮಾತ್ರ ಬದಲಾಗದು. ಆದರೆ ನೂರು ಉದಾಹರಣೆ ಕೂಡಿದರೂ ಅದು ಸಾಧನೆಯಲ್ಲ. ಅದಕ್ಕೆ ಸಮಾನಾಂತರ ರೇಖೆ ಎಳೆದು ತರ್ಕಿಸಲೇಬೇಕು. ಕಾಗದ ಎಲ್ಲಿಯವರೆಗೆ, ಪರದೆ ಎಲ್ಲಿಯವರೆಗೆ, ಕಪ್ಪು ಹಲಗೆ ಎಲ್ಲಿಂದ ಎಂಬುದನ್ನು ತಿಳಿದವನೇ ಶಿಕ್ಷಕ. ಹಾಗೆಯೇ ಯಾವಾಗ ಪರದೆ ಬೇಡ ಎಂಬುದೂ ತಿಳಿದಿರಬೇಕು. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಕಾಯುವ ಮಗುವಿಗೆ ಮೊಳಕೆಯೊಡೆಯುವ ಮೂವತ್ತು ಸೆಕೆಂಡಿನ ವಿಡಿಯೊ ತೋರಿಸುವುದು ಉಪಕಾರವಲ್ಲ. ಆ ಕಾಯುವಿಕೆಯೇ ಪಾಠ.

ಇಂಥ ನಿರ್ಧಾರಗಳನ್ನು ಕಂಪ್ಯೂಟರ್ ಉಪನ್ಯಾಸಕರು ಕಲಿಸಲಾರರು. ಗಣಿತ, ವಿಜ್ಞಾನ, ಕನ್ನಡ ಬೋಧನೆಯನ್ನು ಹೇಳಿಕೊಡುವವರೇ ತಮ್ಮ ಪಾಠಗಳಲ್ಲಿ ಮಾಡಿ ತೋರಿಸಬೇಕು. ಅಂದರೆ ಮೊದಲು ಕಲಿಯಬೇಕಾದವರು ಶಿಕ್ಷಕರ ಶಿಕ್ಷಕರು. ಶ್ರೀಮಂತ ಅಮೆರಿಕಕ್ಕೂ ಇದು ಸುಲಭವಾಗಿ ಹೊಳೆದದ್ದಲ್ಲ. ನಾಳಿನ ಶಿಕ್ಷಕರನ್ನು ತಂತ್ರಜ್ಞಾನಕ್ಕೆ ಸಜ್ಜುಗೊಳಿಸಲು ಇಲ್ಲಿನ ಒಕ್ಕೂಟ ಸರ್ಕಾರ 1999ರಲ್ಲಿ ಅನುದಾನ ಯೋಜನೆ ಆರಂಭಿಸಿತು. 2001ರಲ್ಲಿ ಲ್ಯಾರಿ ಕ್ಯೂಬನ್ ಸಿಲಿಕಾನ್ ಕಣಿವೆಯ ಶಾಲೆಗಳನ್ನೇ ಅಧ್ಯಯನ ಮಾಡಿ, ಕಂಪ್ಯೂಟರುಗಳು ತುಂಬಿದ್ದರೂ ಪಾಠದ ರೀತಿ ಹೆಚ್ಚು ಬದಲಾಗಿಲ್ಲವೆಂದು ತೋರಿಸಿದರು. ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಹಂಚಿತು; 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಕಲಿಕೆ ಹೆಚ್ಚಿದ ಪುರಾವೆ ಸಿಗಲಿಲ್ಲ.

ಶಿಕ್ಷಕರೇ ಸಾಲದ ಕಡೆ ಪರದೆಯಾದರೂ ಇರಲಿ ಎಂಬ ವಾದವಿದೆ. ಇದನ್ನು ಒಳ್ಳೆಯ ಮನಸ್ಸಿನಿಂದ ಹೇಳುವವರು ನಮ್ಮ ನಡುವೆಯೇ ಇದ್ದಾರೆ. ಗಣಿತ ಶಿಕ್ಷಕರಿಲ್ಲದ ಶಾಲೆಯಲ್ಲಿ ಒಂದು ಒಳ್ಳೆಯ ವಿಡಿಯೊ ಸಿಕ್ಕರೆ ಮಗುವಿಗೆ ನಷ್ಟವಿಲ್ಲ, ನಿಜ. ಆದರೆ ಸರ್ಕಾರಕ್ಕೆ ಅದರಿಂದ ಸಿಗುವ ಲಾಭವನ್ನು ಲೆಕ್ಕ ಹಾಕಿ. ಖಾಲಿ ಹುದ್ದೆಗೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಪರದೆಗೆ ಒಮ್ಮೆ ಕೊಟ್ಟರಾಯಿತು, ಉದ್ಘಾಟನೆಯ ಚಿತ್ರವೂ ಸಿಗುತ್ತದೆ. ಹುದ್ದೆ ಖಾಲಿಯಿರುವ ಶಾಲೆಗೆ ನಾವು ಕೊಡುವ ಯಂತ್ರ ಆ ಖಾಲಿತನಕ್ಕೆ ಹೊದಿಸುವ ಶಾಲು ಆಗಿಬಿಡುತ್ತದೆ. ಇಲ್ಲಿ ನಾವು ನಮ್ಮ ಮಕ್ಕಳಿಗೆ ಶಾಲೆ ಹುಡುಕುವಾಗ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂದು ಕೇಳುತ್ತೇವೆ, ಮನೆಯಲ್ಲಿ ಮೊಬೈಲ್ ಕಿತ್ತಿಟ್ಟುಕೊಳ್ಳುತ್ತೇವೆ. ನಮ್ಮ ಮಕ್ಕಳಿಗೆ ಗುರು, ಊರಿನ ಮಕ್ಕಳಿಗೆ ಪರದೆ. ಸಮಾನತೆಯ ಮಾತಾಡುವ ನಮಗೆ ಇದು ಚುಚ್ಚಬೇಕು.

ಕರ್ನಾಟಕದ ಶಿಕ್ಷಕರಿಗೆ ಈ ಸೂಕ್ಷ್ಮ ತಿಳಿಯದೆಂದು ನಾನು ಹೇಳುತ್ತಿಲ್ಲ. 2020ರ ಕೋವಿಡ್ ಕಾಲದ ವಿದ್ಯಾಗಮವನ್ನು ನೆನೆಯಿರಿ. ಯಾವ ಮಗುವಿನ ಮನೆಯಲ್ಲಿ ಸ್ಮಾರ್ಟ್ ಫೋನ್ ಇದೆ, ಯಾರಲ್ಲಿ ಬರೀ ಸಾದಾ ಫೋನ್ ಇದೆ, ಯಾರಲ್ಲಿ ಏನೂ ಇಲ್ಲ ಎಂದು ಪಟ್ಟಿ ಮಾಡಿಕೊಂಡು ಶಿಕ್ಷಕರು ಊರೂರಿಗೆ ಹೋದರು. ಮರದಡಿಯಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಉಪಕರಣಕ್ಕಿಂತ ಮೊದಲು ಮಗುವಿನ ಸ್ಥಿತಿಯನ್ನು ಕಾಣುವ ಆ ನೋಟವೇ ತಂತ್ರಜ್ಞಾನ ಶಿಕ್ಷಣದ ಮೊದಲ ಪಾಠವಾಗಬೇಕು.

ಹಾಗಾದರೆ ನಾವೇನು ಮಾಡಬಹುದು? ಯಂತ್ರ ಕೊಡುವ ಹಣದಲ್ಲಿ ಅರ್ಧವನ್ನಾದರೂ ಶಿಕ್ಷಕರ ಕಲಿಕೆಗೆ ಮೀಸಲಿಡೋಣ. ಜಿಲ್ಲೆಯ ಡಯಟ್‌ಗಳ ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠವನ್ನು ತಾವೇ ಚಿತ್ರೀಕರಿಸಿ, ಗುಂಪಿನಲ್ಲಿ ಕುಳಿತು ಚರ್ಚಿಸುವುದಕ್ಕೆ ದೊಡ್ಡ ಬಂಡವಾಳ ಬೇಡ, ಹೊತ್ತು ಬೇಕು. ಮಕ್ಕಳ ದನಿ, ಮುಖ, ಅಂಕಗಳು ಯಾವ ಕಂಪನಿಯ ಸ್ವತ್ತೂ ಆಗಬಾರದೆಂಬ ಎಚ್ಚರವನ್ನು ಬಿ.ಎಡ್. ಹಂತದಲ್ಲೇ ಕಲಿಸಬೇಕೆಂದು ಒತ್ತಾಯಿಸೋಣ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಆದರೆ ಆ ಅತಿಥಿ ಶಿಕ್ಷಕಿ ಕಾಯ್ದೆ ಓದಿ ದನಿಮುದ್ರಿಕೆ ಅಳಿಸಿದವರಲ್ಲ. ಎಲ್ಲಕ್ಕಿಂತ ಮೊದಲು, ಖಾಲಿ ಹುದ್ದೆಗಳ ಭರ್ತಿಗಾಗಿ ನಡೆಯುವ ಹೋರಾಟದ ಜೊತೆ ನಿಲ್ಲೋಣ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಶಿಕ್ಷಕಿಗೆ ಯಾವ ತರಬೇತಿ ಕೊಟ್ಟರೂ ಅದು ಅವರೊಂದಿಗೇ ಶಾಲೆಯಿಂದ ಹೊರಟುಹೋಗುತ್ತದೆ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ವರ್ಷ ಎರಡನೆಯ ಶಾಲೆಗೆ ಬೋರ್ಡು ಕೊಡಿಸುವ ಮಾತು ಬಂದಿದೆ. ಮೊದಲನೆಯದರ ಮೇಲಿನ ಶಾಲಿನ ಚಿತ್ರವನ್ನು ನಾನು ಅಲ್ಲಿ ಹಾಕಿದೆ. ಎರಡು ದಿನ ಯಾರೂ ಮಾತಾಡಲಿಲ್ಲ. ಮೂರನೆಯ ದಿನ ಒಬ್ಬ ಗೆಳೆಯ ಬರೆದ: "ಆ ಮೇಡಂಗೆ ಏನು ಬೇಕೆಂದು ಕೇಳಿದ್ದೀಯಾ?"

ನಾನು ಕೇಳಿರಲಿಲ್ಲ. ಈಗ ಕೇಳಬೇಕಾಗಿದೆ.